ದಂಡಿನ ಮೈದಾನದ ಗಂಟೆ

ಇಲ್ಲ ಕಣ್ರೋ, ಬೀರೂಲಿರೋ ಆ ಸೈಕಲ್ ರೇಸಿನ ಕಪ್ಪುಗಳೆಲ್ಲಾ ಆಮೇಲಿನ ಮಾತು. ಮೊದಲನೇ ರೇಸಲ್ಲಿ ನಾನು ಮಧ್ಯದಲ್ಲೇ ನಿಂತ್ಬಿಟ್ಟೋನು, ಗೊತ್ತಾ? ಯುದ್ಧದ ಕಾಲ, ರಬ್ಬರೆಲ್ಲಾ ಮಿಲಿಟ್ರಿಗೆ. ಫ್ರೇಜರ್ ಟೌನ್ ಬೇಕರೀಲಿ ಮನೆಮನೆಗೆ ಬ್ರೆಡ್ ಹಾಕೋ ಕೆಲಸ ನಂದು, ಅದೇ ಮೊದಲ್ನೇ ಕೆಲಸ. ಶಿವಾಜಿನಗರದಿಂದ, ಅಲ್ಲ, ಆಗ ಶಿವಾಜಿನಗರ ಎಲ್ಲಿತ್ತು, ಬ್ಲ್ಯಾಕ್‌ಪಲ್ಲಿ ಅಂತಿದ್ವಿ, ಅಲ್ಲಿಂದ ಹಲಸೂರವರ್ಗೂ ಸೈಕಲ್ ತುಳೀತಿದ್ದೆ. ಟ್ಯೂಬ್ ಹರಿದೋಯ್ತು, ಹೊಸದು ಎಲ್ಲೂ ಸಿಗಲ್ಲ. ಟೈರೊಳಗೆ ಹಳೇ ಬಟ್ಟೆ ತುರುಕಿ ಓಡಿಸ್ತಿದ್ದೆ, ಎಲ್ರೂ ಹಂಗೇ ಮಾಡ್ತಿದ್ರು. ಆದ್ರೆ ಗಾಡಿ ಎದ್ದೆದ್ದು ಬೀಳೋದು, ಬ್ರೆಡ್ಡೆಲ್ಲಾ ಪುಡಿ. ಬೇಕರಿ ಸಾಹುಕಾರ್ರು ಒಂದಿನ, "ದೇಖೋ ಭಾಯಿ, ಟೈರ್ ತಂದ್ರೆ ಕೆಲಸ, ಇಲ್ಲಾಂದ್ರೆ ನೈಂ" ಅಂದ್ಬಿಟ್ರು. ಅದೇ ವಾರ ದಂಡಿನ ಮೈದಾನದಲ್ಲಿ ಮಿಲಿಟ್ರಿಯೋರು ಸೈಕಲ್ ರೇಸು ಇಟ್ಟಿದ್ರು, ಯಾರು ಬೇಕಾದ್ರೂ ಸೇರ್ಬಹುದು. ಗೆದ್ದೋನಿಗೆ ಏನು? ಹೊಸ ಟೈರು, ಟ್ಯೂಬು, ಒಂದು ಜೊತೆ. ಬಿಡ್ತೀನಾ?

ಕ್ಯಾರಿಯರ್ ಕಿತ್ತಾಕಿ ಹೋದೆ. ಸೋಲ್ಜರ್‌ಗಳ ಸೈಕಲ್ಲು ಪಳಪಳ ಅಂತಿದ್ವು. ಹೆಸರು ಬರ್ಕೊಳ್ಳೋ ತಮಿಳು ಗುಮಾಸ್ತ ನನ್ ಟೈರ್ ಒತ್ತಿ ನೋಡಿ, "ಎನ್ನಪ್ಪಾ, ಇದ್ರಲ್ಲಿ ಓಡಿಸ್ತೀಯಾ?" ಅಂತ ನಕ್ಕ. "ದಿನಾ ಬ್ರೆಡ್ ಹೊತ್ಕೊಂಡು ಓಡಿಸ್ತೀನಿ ಸಾರ್, ಇವತ್ತು ಭಾರ ಕಮ್ಮಿ" ಅಂದೆ. ನಿಜ ಹೇಳ್ತೀನಿ, ಎಲ್ರಿಗಿಂತ ಮುಂದೆ ನಾನೇ, ನಾನೇ ಮುಂದೆ. ಆಗ ಗಂಟೆ ಹೊಡೆದ್ರು. ನಮ್ ಹಲಸೂರಲ್ಲಿ ಕೆರೆ ಸುತ್ತ ಪಂದ್ಯ ಕಟ್ಟಿದ್ರೆ, ಮೊದಲು ಬಂದೋನಿಗೇ ಗಂಟೆ ಹೊಡೆಯೋದು. ಗೆದ್ದೆ ಅಂತ ಇಳಿದು ಸೈಕಲ್ ಎತ್ತಿ ತೋರಿಸ್ದೆ. ಅವರಲ್ಲಿ ಗಂಟೆ ಅಂದ್ರೆ ಇನ್ನೊಂದು ಸುತ್ತು ಬಾಕಿ ಅಂತ, ನನಗ್ಯಾರು ಹೇಳಿದ್ರು? ಸೋಲ್ಜರ್‌ಗಳು ಒಬ್ಬೊಬ್ರಾಗಿ ದಾಟ್ಕೊಂಡ್ ಹೋದ್ರು. ಮೈದಾನವೆಲ್ಲಾ ನಗು. ಮತ್ತೆ ಹತ್ತಿ ತುಳಿದು ಕೊನೇಲಿ ಬಂದೆ. ಟೈರೂ ಇಲ್ಲ, ಕೆಲಸಾನೂ ಇಲ್ಲ.

ನಾಚಿಕೆಗಿಂತ ನನಗೆ ಸಿಟ್ಟು ಬಂದಿತ್ತು. ಸೀದಾ ಆ ಗುಮಾಸ್ತನ ಹತ್ರಾನೇ ಹೋಗಿ, "ಮುಂದಿನ ರೇಸ್ ಯಾವಾಗ?" ಅಂದೆ. "ನಿನಗ್ಯಾಕಪ್ಪಾ ಇನ್ನೂ?" "ಬರ್ತೀನಿ. ಎಷ್ಟು ಸುತ್ತು, ಗಂಟೆ ಯಾವಾಗ, ಎಲ್ಲಾ ಈಗ್ಲೇ ಹೇಳಿ." ಹೇಳ್ದ. ರಸೆಲ್ ಮಾರ್ಕೆಟ್ಟಲ್ಲಿ ತರಕಾರಿ ಮೂಟೆ ಹೊತ್ಕೊಂಡು ಹೊಟ್ಟೆ ಹೊರ್ಕೊಂಡೆ, ಅದೇ ಬಟ್ಟೆ ಟೈರಲ್ಲಿ ದಿನಾ ಬೆಳಿಗ್ಗೆ ಕೆರೆ ಸುತ್ತಿದೆ. ಮುಂದಿನ ರೇಸಲ್ಲಿ ಗೆದ್ದೆ. ಗೆರೆ ದಾಟಿದ್ಮೇಲೂ ನಿಲ್ಲಿಸ್ಲಿಲ್ಲ, ಅವತ್ತು ನಕ್ಕೋರೆಲ್ಲಾ ನೋಡ್ಲಿ ಅಂತ ಬೇಕಂತಲೇ ಇನ್ನೊಂದು ಸುತ್ತು ಹೊಡೆದು ಇಳಿದೆ. ಬಹುಮಾನ ಕೊಡೋ ಮಿಲಿಟ್ರಿ ಸಾಹೇಬ್ರು ನಾನು ಗೆದ್ದ ಹೊಸ ಟೈರ್ ಹಿಡ್ಕೊಂಡು ಬಿಸಿಲಲ್ಲಿ ಕಾಯ್ತಾ ನಿಂತಿದ್ರು, ನಿಲ್ಲಲಿ. ನಗೋರು ನಗ್ಲಿ ಬಿಡಿ, ಗೊತ್ತಿಲ್ದೇ ಇದ್ರೆ ಬಾಯ್ಬಿಟ್ಟು ಕೇಳ್ಬೇಕು, ತಿಳ್ಕೊಂಡು ಮತ್ತೆ ಅಲ್ಲಿಗೇ ಹೋಗ್ಬೇಕು. ಏಳಿ, ಊಟಕ್ಕೆ ಕರೀತಿದ್ದಾರೆ.