ಬಿಸಿಲಿಗೆ ಅಡ್ಡ ಬರುವ ಮನೆಗಳು

ಕೊರಿಯಾದ ಸೋಲ್ ನಗರದ ಒಂದು ಆಸ್ಪತ್ರೆಯಲ್ಲಿ ವರ್ಷದ ತಪಾಸಣೆಗೆ ಬಂದವರೆಲ್ಲ ಒಂದೇ ನೀಲಿ ಅಂಗಿ ತೊಟ್ಟು ಬರಿಹೊಟ್ಟೆಯಲ್ಲಿ ಕಾಯಬೇಕು. ಪಕ್ಕದ ಬೆಂಚಿನತ್ತ ತಿರುಗಿದ ಸೊರಾ ದಂಗಾದಳು. ಪ್ರೊಫೆಸರ್ ಪ್ಯೊ, ಮಾಜಿ ಸಂಸದ ನಮ್‌ಗುಂಗ್! ಯುವಕರಿಗೆ ಸರ್ಕಾರ ಕಡಿಮೆ ಬಾಡಿಗೆಯ ಮನೆ ಕಟ್ಟಿಸಬೇಕೆಂದು ಪ್ರೊಫೆಸರು, ಕೂಡದೆಂದು ಸಂಸದರು, ವರ್ಷದಿಂದ ಫೇಸ್‌ಬುಕ್ಕಿನಲ್ಲಿ ಕಚ್ಚಾಡುತ್ತಿದ್ದವರು.

“ಅಣ್ಣಾ, ನೀವು ನನ್ನನ್ನ ರಕ್ತ ಹೀರೋ ತಿಗಣೆ ಅಂತ ಬರೆದಾಗಿಂದ ನನ್ನ ಹೆಂಡ್ತಿ ನಿಮ್ಮನ್ನ ಊಟಕ್ಕೆ ಕರೀಬೇಡ ಅಂತಾಳೆ,” ಎಂದರು ಸಂಸದರು.

“ನೀನೇನು ಕಮ್ಮಿ ಬೈದಿದೀಯೇನಯ್ಯ? ಕಾಲೇಜಲ್ಲಿ ನಿನಗಿಂತ ಸೀನಿಯರ್ ಅಂತಾದ್ರೂ ನೋಡಿದ್ಯಾ?”

“ಹೋಗ್ಲಿ ಬಿಡಿ. ನಮ್ಮಿಬ್ರ ಅಪಾರ್ಟ್‌ಮೆಂಟಿನ ಮುಂದೆ ಹಾಕೋ ವಿರೋಧದ ಬ್ಯಾನರ್ ಏನಾಯ್ತು? ಆ ಹುಡುಗ್ರ ಬಾಡಿಗೆ ಕಟ್ಟಡ ಎದುರಿಗೇ ಎದ್ರೆ ನಮ್ಮ ಮನೆಗಳ ಬೆಲೆ ನೆಲ ಕಚ್ಚುತ್ತೆ.”

“ಬೆಲೆ ಅಂತೆಲ್ಲ ಬಾಯಿ ಬಿಡಬಾರ್ದು ಮಾರಾಯ. ಬಿಸಿಲಿಗೆ ಅಡ್ಡ ಬರುತ್ತೆ ಅಂತ ಬರೆಸಿದೀನಿ.”

“ಕೆಳಗೆ ನಿಮ್ಮ ಹೆಸರು?”

“ಹುಚ್ಚಾ ನಿನಗೆ? ನಿವಾಸಿಗಳ ಸಂಘ ಅಂತಷ್ಟೇ.”

“ಹಾಗಾದ್ರೆ ಸಂಜೆ ನಿಮಗೊಂದಿಷ್ಟು ಬೈದು ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.”

“ಬೈಯಪ್ಪ, ಚೆನ್ನಾಗೇ ಬೈಯಿ. ಓದೋರು ಕಾಯ್ತಿರ್ತಾರೆ.”

ಸೊರಾ ತಲೆ ತಗ್ಗಿಸಿದಳು. ಹಬ್ಬದೂಟಕ್ಕೆ ಕೂತಾಗ ತನ್ನ ತಮ್ಮ ಈ ಸಂಸದರ ಪರ ಮಾತಾಡಿದನೆಂದು, ಪ್ರೊಫೆಸರರ ಮಾತನ್ನೇ ಎತ್ತಿಕೊಂಡು ಅವನನ್ನು ‘ತಿಗಣೆ’ ಎಂದವಳು ಅವಳು. ಅವನು ತಟ್ಟೆ ಬಿಟ್ಟು ಎದ್ದುಹೋದವನು ಇಂದಿಗೂ ಫೋನ್ ಎತ್ತುತ್ತಿಲ್ಲ.

ಒಳಗಿನಿಂದ ಕರೆ ಬಂತು. ಅವರಿಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಡೆದರು. ಆ ನೀಲಿ ಅಂಗಿಗಳಲ್ಲಿ, ಹಿಂದಿನಿಂದ ನೋಡಿದರೆ, ತಾನು ಯಾರ ಮಾತಿಗಾಗಿ ತಮ್ಮನನ್ನು ದೂರ ಮಾಡಿಕೊಂಡಳೋ ಅವರು ಇಬ್ಬರಲ್ಲಿ ಯಾರೆಂದು ಅವಳಿಗೆ ಗುರುತೇ ಹತ್ತಲಿಲ್ಲ.