ಕೂರದ ತರಗತಿಯ ಹಾಜರಿ

ಕೊಡುವ ಕೈ ದೊಡ್ಡದು ಎಂದು ಇವತ್ತಿನ ಪ್ರವಚನದಲ್ಲಿ ಇಷ್ಟು ಹೊತ್ತು ಹೇಳಿದೆ. ಈಗ ಅದೇ ಬಾಯಿಂದ ಇನ್ನೊಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಕೊಡುವುದು ಕಷ್ಟವಲ್ಲ, ತಾಯಂದಿರೇ. ಏನನ್ನು ಕೊಡಬಾರದು ಎಂದು ತಿಳಿಯುವುದು ಕಷ್ಟ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೂ ಕೆಡುಕು ಮಾಡುತ್ತದೆಯೇ ಎಂದು ಮುಂದಿನ ಸಾಲಿನ ಹಿರಿಯರು ಹುಬ್ಬು ಏರಿಸುತ್ತಿದ್ದಾರೆ. ಏರಿಸಿದ ಹುಬ್ಬು ಹಾಗೇ ಇರಲಿ. ಒಂದು ಕಥೆ ಕೇಳಿ, ಆಮೇಲೆ ಇಳಿಸುವಿರಂತೆ.

ಒಂದು ಊರು, ಆ ಊರಿಗೆ ಒಬ್ಬ ಸಾಹುಕಾರ. ಮೆಣಸಿನಕಾಯಿ ವ್ಯಾಪಾರದಲ್ಲಿ ಮೇಲೆ ಬಂದವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಚೀಲ ಹೊತ್ತ, ಅಂಗಡಿ ಹಾಕಿದ, ಕೊನೆಗೆ ಊರಿಗೊಂದು ಕಾಲೇಜನ್ನೇ ಕಟ್ಟಿಸಿದ. ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ಅವನು ಜಿಪುಣನೋ ದುಷ್ಟನೋ ಇರಬೇಕು ಎಂದು ನೀವು ಕಾಯುತ್ತೀರಿ, ನನಗೆ ಗೊತ್ತು. ಇವನು ಒಳ್ಳೆಯವನು. ನೋಡಿ, ಈ ಕಥೆಯ ಫಜೀತಿ ಇರುವುದೇ ಅಲ್ಲಿ.

ಸಾಹುಕಾರನಿಗೆ ಕಬಡ್ಡಿಯ ಹುಚ್ಚು. ತನ್ನ ಕಾಲೇಜಿನ ಹೆಣ್ಣುಮಕ್ಕಳ ತಂಡ ಆಡುತ್ತದೆ ಎಂದರೆ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಆ ತಂಡದಲ್ಲಿ ಪಕ್ಕೀರವ್ವ ಎಂಬ ಹುಡುಗಿ. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ತಂದೆ ಇಲ್ಲ. ತಾಯಿ ನೀಲವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮನೆ ನಡೆಸುವವಳು. ಈ ಪಕ್ಕೀರವ್ವ ಎದುರಿನವರ ಅಂಗಳಕ್ಕೆ ನುಗ್ಗಿದಳೆಂದರೆ, ಏಳು ಮಂದಿ ಮೈಮೇಲೆ ಬಿದ್ದರೂ ಒಂದು ಬೆರಳನ್ನಾದರೂ ನಡುಗೆರೆಗೆ ಮುಟ್ಟಿಸಿಯೇ ಏಳುತ್ತಿದ್ದಳು. ಎರಡು ವರ್ಷ ವಿಶ್ವವಿದ್ಯಾಲಯದ ಕಪ್ ಆ ಊರಿಗೇ ಬಂತು.

ಸಾಹುಕಾರನಿಗೆ ಹುಡುಗಿಯ ಮೇಲೆ ಮಗಳಂಥ ಮಮತೆ. ಅವಳ ಮನೆಗೆ ದಿನಾ ಹಾಲು ಕಳಿಸಿದ, ಬಾದಾಮಿ ಕಳಿಸಿದ, ಅಂಗಡಿಯ ಆಳಿನ ಕೈಯಲ್ಲಿ ಗುಟ್ಟಾಗಿ ಮೊಟ್ಟೆಯನ್ನೂ ಕಳಿಸಿದ. ಮಠದಲ್ಲಿ ಕೂತು ಮೊಟ್ಟೆಯ ಮಾತು ಆಡಬಾರದು. ಆದರೂ ನಡೆದದ್ದನ್ನು ಹೇಳದೆ ಬಿಟ್ಟರೆ ಕಥೆಗೆ ಮೋಸ. ಇಷ್ಟೆಲ್ಲ ಕೊಟ್ಟ ಮೇಲೂ ಅವನಿಗೆ ತೃಪ್ತಿಯಿಲ್ಲ. ಪಾಪ, ಹುಡುಗಿ ನಸುಕಿನಲ್ಲೆದ್ದು ಓಡುತ್ತದೆ, ಸಂಜೆ ಮೈಕೈ ತರಚಿಕೊಂಡು ಬರುತ್ತದೆ, ನಡುವೆ ಈ ಕ್ಲಾಸಿನ ಕಾಟ ಬೇರೆ ಯಾಕೆ ಎಂದು ಅವನ ಕರುಳು ಚುರ್ ಎಂದಿತು. ಪ್ರಿನ್ಸಿಪಾಲರನ್ನು ಕರೆಸಿದ.

"ಆಕಿನ್ನ ಕ್ಲಾಸಿನಾಗ ಕುಂದರಸಬ್ಯಾಡ್ರಿ. ಹಾಜರಿ ಹಾಕಿಬಿಡ್ರಿ. ಹುಡುಗಿ ಒಂದೀಟು ಮಲಕ್ಕೊಂಡು ದಣಿವು ಆರಿಸ್ಕೊಳ್ಳಲಿ."

ಕಾಲೇಜು ಕಟ್ಟಿಸಿದವನ ಮಾತು, ಯಾರು ಇಲ್ಲವೆನ್ನುತ್ತಾರೆ? ಮೇಷ್ಟ್ರುಗಳು ಹಾಜರಿ ಹಾಕಿದರು. ಕಾಲೇಜಿನವರೇ ಹಾಕುವ ಒಳಗಿನ ಅಂಕಗಳನ್ನು ಪೂರ್ತಿ ಕೊಟ್ಟರು. ಪರೀಕ್ಷೆ ಬಂದಾಗ ಹತ್ತು ಉತ್ತರ ಗುರುತು ಮಾಡಿ ಕೊಟ್ಟರು, ಹುಡುಗಿ ಬಾಯಿಪಾಠ ಮಾಡಿ ಬರೆದಳು, ಪಾಸಾದಳು. ಇಲ್ಲಿ ಯಾರಾದರೂ ಕೆಟ್ಟ ಮನಸ್ಸಿನಿಂದ ಏನಾದರೂ ಮಾಡಿದರೇ? ಹೇಳಿ ನೋಡೋಣ. ಯಾರೂ ಇಲ್ಲ. ಪ್ರಿನ್ಸಿಪಾಲರಿಗೂ ಕರುಣೆ, ಮೇಷ್ಟ್ರಿಗೂ ಕರುಣೆ, ಸಾಹುಕಾರನಿಗಂತೂ ಕರುಣೆ ತುಂಬಿ ಚೆಲ್ಲುತ್ತಿತ್ತು.

ಎರಡನೇ ವರ್ಷ ಮುಗಿಯುತ್ತಾ ಬಂದಾಗ ಒಂದು ದೊಡ್ಡ ಲೀಗ್ ತಂಡದವರು ಬಂದು ಅವಳ ಆಟ ನೋಡಿದರು. ವಾರದಲ್ಲೇ ಕರಾರುಪತ್ರ ಬಂತು. ಕಾಲೇಜು ಬಿಟ್ಟು ಬರಬೇಕು, ಹದಿನೈದು ದಿನದಲ್ಲಿ ಸಹಿ ಹಾಕಬೇಕು. ನೀಲವ್ವ ಜೀವಮಾನವಿಡೀ ರೊಟ್ಟಿ ಬಡಿದರೂ ಕಾಣದಷ್ಟು ದುಡ್ಡು.

ಊರು ಎರಡು ಪಾಲಾಯಿತು. ಚಹಾದಂಗಡಿಯಲ್ಲಿ ಅದೇ ಮಾತು, ಕ್ಷೌರದಂಗಡಿಯಲ್ಲಿ ಅದೇ ಮಾತು. ಇಪ್ಪತ್ತರ ಮೊಣಕಾಲು ಮೂವತ್ತಕ್ಕೆ ಸಿಗುವುದಿಲ್ಲ, ಪುಸ್ತಕ ಮೂವತ್ತಕ್ಕೂ ಸಿಗುತ್ತದೆ, ಹೋಗಲಿ ಬಿಡಿ ಎಂದರು ಕೆಲವರು. ಆ ಮೊಣಕಾಲೇ ಕೈಕೊಟ್ಟರೆ ಯಾರು ಕೇಳುತ್ತಾರೆ, ಡಿಗ್ರಿ ಇದ್ದರೆ ಎಲ್ಲಾದರೂ ಒಂದು ನೌಕರಿಯಾದರೂ ಸಿಕ್ಕೀತು ಎಂದರು ಇನ್ನು ಕೆಲವರು. ನನ್ನನ್ನು ಕೇಳಿದರೆ ಎರಡೂ ಖರೆ. ಹಸಿದವರ ಮನೆಗೆ ಬಂದ ಗಳಿಕೆಯನ್ನು ಬೇಡ ಎನ್ನಲು ನಾವು ಯಾರು? ಹಾಗೆಯೇ, ಓದು ಮುಗಿಸು ಎಂದ ಹಿರಿಯರನ್ನು ಹಳೇ ಕಾಲದವರು ಎಂದು ನಗುವುದು ಹೇಗೆ? ಎಲ್ಲರೂ ಮಾತಾಡಿದರು. ಆಡುವವಳು ಒಬ್ಬಳು ಇದ್ದಾಳಲ್ಲ, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಸುದ್ದಿ ಸಾಹುಕಾರನ ಅಂಗಡಿಗೂ ಬಂತು. ಇನ್ನೊಂದು ವರ್ಷ ಇದ್ದರೆ ಇನ್ನೊಂದು ಕಪ್. ಹೋದರೆ ತಂಡವೇ ಬರಿದು. ಹಾಗೆಂದು ಅವನು ತನಗೆ ತಾನು ಹೇಳಿಕೊಳ್ಳಲಿಲ್ಲ, ನೋಡಿ. ನಾವು ಯಾರೂ ಹೇಳಿಕೊಳ್ಳುವುದಿಲ್ಲ. ಹುಡುಗಿಯ ಒಳ್ಳೆಯದಕ್ಕೇ ಹೇಳುತ್ತೇನೆ ಎಂದುಕೊಂಡ. ಅದರಲ್ಲಿ ಅರ್ಧ ನಿಜವೂ ಇತ್ತು. ತಾನು ಕಲಿಯಲಿಲ್ಲ ಎಂಬ ಕೊರಗು ಅವನಿಗೆ ಅರವತ್ತು ದಾಟಿದರೂ ಹೋಗಿರಲಿಲ್ಲ. ಡಿಗ್ರಿ ಎಂದರೆ ಅವನಿಗೆ ದೇವರ ಪ್ರಸಾದ.

ಮಧ್ಯಾಹ್ನ ಅವರ ಮನೆಗೆ ಹೋದ. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಎದ್ದು ಕಂಬಳಿ ಹಾಸಿದಳು. ಸಾಹುಕಾರ ಕೂತು, ನೀರು ಕುಡಿದು, ವಿದ್ಯೆಯ ಮಹಿಮೆ ಶುರು ಮಾಡಿದ. ವಿದ್ಯೆ ಕಳ್ಳರು ಕದಿಯದ ಸಂಪತ್ತು, ವಿದ್ಯೆ ಇಲ್ಲದವನು ಹದ್ದಿಗಿಂತ ಕಡೆ, ಒಂದು ವರ್ಷ ತಡೆದರೆ ಏನು ಮುಳುಗುತ್ತದೆ, ಪದವಿಯ ಕಾಗದ ಕೈಯಲ್ಲಿ ಹಿಡಿದುಕೊಂಡು ಆಮೇಲೆ ಬೇಕಾದಲ್ಲಿಗೆ ಹೋಗು. ಪಕ್ಕೀರವ್ವ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದಳು. ಒಳಗೆ ಹೋಗಿ ಕರಾರುಪತ್ರ ತಂದು ಅವನ ಮುಂದೆ ಇಟ್ಟಳು. ಹನ್ನೊಂದು ಹಾಳೆ, ಎಲ್ಲ ಇಂಗ್ಲಿಷು.

"ಸಾವ್ಕಾರ್ರ, ಇದರಾಗ ಏನ್ ಬರದಾರ ಓದಿ ಹೇಳ್ರಿ."

"ನನಗೆಲ್ಲಿ ಬರ್ತೈತವ್ವಾ ಇಂಗ್ಲಿಷು? ನಾ ಏಳನೇತ್ತೆದಂವ. ನೀ ಬಿ.ಎ. ಓದಾಕಿ, ನೀ ಓದು."

"ನನಗೂ ಬರಂಗಿಲ್ರಿ."

ಸಾಹುಕಾರ ನಕ್ಕ. ಹುಡುಗಿ ನಗಲಿಲ್ಲ.

"ಎರಡು ವರ್ಷ ಆತು ಕಾಲೇಜಿಗೆ ಹೋಗಾಕ್ಹತ್ತಿ," ಎಂದ.

"ಹೋಗಿಲ್ರಿ. ಹಾಜರಿ ಹೋಗೈತಿ." ಅವಳ ದನಿ ಸಣ್ಣಗಾಯಿತು. "ನೀವು ಪ್ರೀತಿಲೇ ಮಾಡೀರಿ, ನಾ ಇಲ್ಲ ಅನ್ನಂಗಿಲ್ಲ. ನನಗೂ ನಿದ್ದಿ ಬೇಕಾಗಿತ್ತು, ಮಲಕ್ಕೊಂಡೆ. ಆದ್ರ ನೀವು ಈಗ ಡಿಗ್ರಿ ಮುಗಿಸು ಅಂತೀರಲ್ರಿ, ನಾ ಏನು ಶುರು ಮಾಡೀನಿ ಅಂತ ಮುಗಿಸ್ಲಿ? ಇನ್ನೊಂದು ವರ್ಷ ಇದ್ರೂ ಈ ಕಾಗದ ನನಗ ಹಿಂಗ ಇರ್ತೈತಿ. ಸಹಿ ಹಾಕಾಕ ಅಂಜಿಕಿ ಬರ್ತೈತ್ರಿ. ಯಾರ ಮುಂದ ಹೇಳ್ಲಿ? ಬಿ.ಎ. ಹುಡುಗಿಗೆ ಓದಾಕ ಬರಂಗಿಲ್ಲ ಅಂದ್ರ ನಗತಾರ."

ರೊಟ್ಟಿ ತಿರುವಿ ಹಾಕುತ್ತಿದ್ದ ನೀಲವ್ವ ತಲೆ ಎತ್ತದೆ ಹೇಳಿದಳು.

"ನೀವು ಚೀಲದ ತಳದ ತನಕ ಕೈ ಹಾಕಿ ತಗದು ನೋಡದ ಕಾಯಿ ಕೊಳ್ಳಂಗಿಲ್ರಿ. ಮ್ಯಾಗಿನ ಕಾಯಿ ನೋಡಿ ಮೋಸ ಹೋಗಬಾರದು ಅಂತ ಪ್ಯಾಟಿ ಮಂದಿಗೆಲ್ಲ ನೀವ ಹೇಳ್ತೀರಂತ. ನನ್ನ ಮಗಳ ಓದಿನಾಗ ಕೈ ಹಾಕಿ ನೋಡಿದ್ರೇನ್ರಿ?"

ಅಯ್ಯೋ ಶಿವನೇ, ಆ ಮಾತು ಸಾಹುಕಾರನಿಗೆ ಎಲ್ಲಿ ತಾಗಿತೋ. ವ್ಯಾಪಾರದಲ್ಲಿ ನಲವತ್ತು ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಎದ್ದ, ಚಪ್ಪಲಿ ಮೆಟ್ಟಿದ, ಬಾಗಿಲಲ್ಲಿ ಮತ್ತೆ ನಿಂತ. "ನಾಳೆ ಹತ್ತಕ್ಕ ಕಾಲೇಜಿಗೆ ಬಾರವ್ವ. ಆ ಕಾಗದ ತಗೊಂಡು ಬಾ," ಎಂದು ಹೋದ.

ಮರುದಿನ ಇಂಗ್ಲಿಷ್ ಕಲಿಸುವ ಮುಳಗುಂದ ಮೇಷ್ಟ್ರನ್ನು ಖಾಲಿ ಕೋಣೆಯೊಂದರಲ್ಲಿ ಕೂರಿಸಿದರು. ಮೇಷ್ಟ್ರು ಹುಡುಗಿಯನ್ನು ನೋಡಿ, "ಎರಡು ವರ್ಷ ದಿನಾ ನಿನ್ನ ಹೆಸರು ಬರದೀನಿ, ಪಕ್ಕೀರವ್ವ. ಮಾರಿ ಇವತ್ತ ಹತ್ತಿರದಿಂದ ನೋಡಾಕ್ಹತ್ತೀನಿ," ಎಂದರು. ಹೇಳಿ ತಾವೇ ತಲೆ ತಗ್ಗಿಸಿದರು. ಓದು ಶುರುವಾಯಿತು. ಸಾಹುಕಾರ ಎಲ್ಲಿ ಹೋದ ಎಂದಿರಾ? ಹಿಂದಿನ ಬೆಂಚಿನಲ್ಲಿ ಕೂತ. ತಾನು ಕಟ್ಟಿಸಿದ ಕಾಲೇಜಿನ ಬೆಂಚಿನ ಮೇಲೆ ಅವನು ಕೂತದ್ದು ಅದೇ ಮೊದಲು. ಮೊಣಕಾಲು ಮಡಚಲು ಜಾಗ ಸಾಲದೆ ಅಡ್ಡಡ್ಡ ಕೂತಿದ್ದ.

ಮೊದಲ ದಿನ ನಾಲ್ಕು ಸಾಲು. ಒಂದೊಂದು ಪದಕ್ಕೂ ನಿಘಂಟು, ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ ಬರೆಯುವುದು. ಹುಡುಗಿಗೆ ತಲೆ ಸಿಡಿಯಿತು. ಎರಡನೇ ದಿನ ಅತ್ತಳು. ಏಳು ಜನರನ್ನು ಎಳೆದುಕೊಂಡು ಬರುವವಳು ಒಂದು ವಾಕ್ಯದ ಮುಂದೆ ಕೂತು ಅತ್ತಳು. ಐದನೇ ದಿನಕ್ಕೆ ಮೇಷ್ಟ್ರನ್ನು ಪ್ರಶ್ನೆ ಕೇಳತೊಡಗಿದಳು, ಆಮೇಲೆ ದಿನಕ್ಕೆ ಎರಡು ಹಾಳೆ ಸರಿಯತೊಡಗಿತು. ಹತ್ತನೇ ದಿನ ಒಂಬತ್ತನೇ ಹಾಳೆಯ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ಒಂದು ತಡೀರಿ," ಎಂದಳು.

ಮೇಷ್ಟ್ರು ಅದನ್ನು ಓದಿ ದಾಟಿಬಿಟ್ಟಿದ್ದರು. ಅವಳು ದಾಟಲಿಲ್ಲ. ಆಡುವಾಗ ಪೆಟ್ಟಾಗಿ ಮೂವತ್ತು ದಿನ ಆಡಲಾಗದಿದ್ದರೆ ಕರಾರು ಅಲ್ಲಿಗೇ ಮುಗಿಯುತ್ತದೆ, ಔಷಧದ ಖರ್ಚು ಆಟಗಾರ್ತಿಯದೇ. ಆದರೆ ಮೂರು ವರ್ಷ ಬೇರೆ ತಂಡಕ್ಕೂ ಆಡುವಂತಿಲ್ಲ. ಮೂರು ಸಾಲಿನಲ್ಲಿ ಮುಚ್ಚಿಟ್ಟ ಮಾತು.

ಸಾಹುಕಾರ ಬೆಂಚಿನಿಂದ ಎದ್ದೇಬಿಟ್ಟ. "ನೋಡಿದೇನು? ಅದಕ್ಕ ನಾ ಬ್ಯಾಡ ಅಂದಿದ್ದು. ಹರದು ಒಗಿ. ಇನ್ನೊಂದು ವರ್ಷ ಇಲ್ಲೇ ಆಡು."

"ಹರಿಯೂದು ಯಾಕ್ರಿ? ತಪ್ಪು ಎಲ್ಲೈತಿ ಅಂತ ಗೊತ್ತಾತಲ್ರಿ, ತಿದ್ದಾಕ ಕೇಳ್ತೀನಿ." ಹುಡುಗಿ ಹಾಳೆಗಳನ್ನು ಜೋಡಿಸಿಟ್ಟು, ತಗ್ಗಿದ ದನಿಯಲ್ಲೇ ಕೇಳಿದಳು. "ಇಲ್ಲಿ ಆಡಿದ್ರೂ ಮೊಣಕಾಲು ಹೋಗಬಹುದಲ್ರಿ, ಸಾವ್ಕಾರ್ರ. ಹೋದ್ರ ಕಾಲೇಜು ನೋಡ್ಕೋತೈತಿ ಅಂತ ಎಲ್ಲಿ ಬರದೈತ್ರಿ?"

ಎಲ್ಲೂ ಬರೆದಿರಲಿಲ್ಲ. ಸಾಹುಕಾರ ಮತ್ತೆ ಕೂತ. ಎರಡು ವರ್ಷ ಈ ಹುಡುಗಿಯ ಮೈಮೇಲೆ ಏಳೇಳು ಜನ ಬೀಳುವುದನ್ನು ಕುರ್ಚಿಯಲ್ಲಿ ಕೂತು ನೋಡಿ ಚಪ್ಪಾಳೆ ತಟ್ಟಿದ್ದ. ಒಂದು ದಿನವೂ ಆ ಪ್ರಶ್ನೆ ಅವನ ತಲೆಗೆ ಬಂದಿರಲಿಲ್ಲ. ಅವನಿಗೆ ಅವತ್ತು ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ದುಃಖವೂ ಆಯಿತು, ಹುಡುಗಿ ಹೋಗುತ್ತಾಳೆ ಎಂದು ಅವನಿಗೆ ಗೊತ್ತಾಗಿಹೋಗಿತ್ತು.

ಅವಳೇ ಪತ್ರ ಬರೆದಳು. ಮೇಷ್ಟ್ರು ಕಾಗುಣಿತ ತಿದ್ದಿದರು, ಮಾತು ಅವಳದೇ. ಬರುತ್ತೇನೆ, ಪೆಟ್ಟಾದರೆ ಔಷಧ ನಿಮ್ಮದು, ಕರಾರು ಮುಗಿದರೆ ಬೇರೆ ತಂಡಕ್ಕೆ ಆಡಲು ತಡೆಯಬಾರದು, ಪರೀಕ್ಷೆಯ ದಿನಗಳಲ್ಲಿ ನನ್ನನ್ನು ಬಿಡಬೇಕು. ತಂಡದವರು ಫೋನ್ ಮಾಡಿ, ಇಲ್ಲಿಯವರೆಗೆ ಯಾವ ಹುಡುಗಿಯೂ ಇದನ್ನು ಕೇಳಿಲ್ಲವಲ್ಲ ಎಂದರು. ಆ ಹುಡುಗಿಯರು ಕೇಳದಿದ್ದದ್ದು ಯಾಕೆ ಎಂದು ಪಕ್ಕೀರವ್ವನಿಗೆ ಗೊತ್ತಿತ್ತು. ಔಷಧಕ್ಕೂ ಪರೀಕ್ಷೆಗೂ ಒಪ್ಪಿದರು. ಮೂರು ವರ್ಷವನ್ನು ಒಂದು ವರ್ಷಕ್ಕೆ ಇಳಿಸಿದರು, ಪೂರ್ತಿ ಬಿಡಲಿಲ್ಲ. ಅವಳು ಯೋಚಿಸಿ, ತಾಯಿಗೆ ಒಂದೊಂದು ಸಾಲನ್ನೂ ಓದಿ ಹೇಳಿ, ಸಹಿ ಹಾಕಿದಳು.

ಹೊರಡುವ ದಿನ ಸಾಹುಕಾರ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಹುಡುಗಿ ಕಾಲಿಗೆ ಬಿದ್ದಳು. ಅವನು ಕಣ್ಣೊರೆಸಿಕೊಂಡು, "ಏನರ ಬೇಕೇನವ್ವಾ?" ಎಂದು ಕೇಳಿದ. ಕೊಟ್ಟು ರೂಢಿಯಾದ ಮನುಷ್ಯ, ಬೇರೆ ಏನು ಕೇಳಿಯಾನು?

"ನನ್ನ ಹಿಂದ ಬರೂ ಹುಡುಗ್ಯಾರಿಗೆ ಎಲ್ಲಾ ಕೊಡ್ರಿ," ಎಂದಳು. "ಹಾಜರಿ ಒಂದು ಕೊಡಬ್ಯಾಡ್ರಿ."

ಡಿಗ್ರಿ ಮುಗಿಸಿದಳೇ ಎಂದು ನೀವು ಕೇಳುತ್ತೀರಿ. ಇನ್ನೂ ಇಲ್ಲ. ಮುಂದಿನ ಪರೀಕ್ಷೆಗೆ ತಂಡದವರು ಬಿಟ್ಟುಕೊಟ್ಟರು, ಹೊರಗಿನ ವಿದ್ಯಾರ್ಥಿನಿಯಾಗಿ ಬಂದು ಬರೆದಳು, ಎರಡು ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾದಳು. ಹತ್ತು ಉತ್ತರ ಗುರುತು ಮಾಡಿ ಕೊಡಲು ಬಂದ ಇನ್ನೊಬ್ಬ ಮೇಷ್ಟ್ರನ್ನು ಮುಳಗುಂದ ಮೇಷ್ಟ್ರೇ ವಾಪಸ್ ಕಳಿಸಿದ್ದರಂತೆ. ಅವಳು ಪರೀಕ್ಷೆಗೆ ಮತ್ತೆ ಕಟ್ಟಿದ್ದಾಳೆ. ಅದು ಅವಳ ಸ್ವಂತದ ಫೇಲು, ತಾಯಂದಿರೇ. ಪುಕ್ಕಟೆ ಪಾಸಿಗಿಂತ ಅದಕ್ಕೆ ಮರ್ಯಾದೆ ಹೆಚ್ಚು.

ಈಗ ಹುಬ್ಬು ಇಳಿಸಿ. ಇಳಿಸಿ ನನ್ನ ಕಡೆ ನೋಡಬೇಡಿ, ನಿಮ್ಮ ಪಕ್ಕ ಕೂತ ಮಕ್ಕಳ ಕಡೆ ನೋಡಿ. ಆಡಲು ಕಳಿಸಬೇಕೋ ಓದಿಸಬೇಕೋ ಎಂದು ನನ್ನ ಹತ್ತಿರ ಕೇಳಲು ಎಷ್ಟು ಜನ ಬರುತ್ತೀರಿ! ಜಾತಕ ತರುತ್ತೀರಿ, ಪದಕ ತರುತ್ತೀರಿ. ಮಗುವನ್ನು ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಬರುತ್ತೀರಿ. ಅವರ ಪರವಾಗಿ ನೀವು ತೀರ್ಮಾನ ಮಾಡಬೇಕಾದದ್ದು ಬಹಳ ಕಡಿಮೆ ಇದೆ. ತೀರ್ಮಾನ ಮಾಡುವ ಬಲ ಅವರಿಗೆ ಬಂದಿದೆಯೇ, ನೋಡಬೇಕಾದದ್ದು ಅಷ್ಟೇ.

ಮೇಷ್ಟ್ರುಗಳು ಇದ್ದೀರಿ ಇಲ್ಲಿ, ಮೂರನೇ ಸಾಲಿನಲ್ಲಿ. ನಾಳೆ ಬೆಳಗ್ಗೆ ಹಾಜರಿ ಪುಸ್ತಕ ತೆಗೆದಾಗ, ಎದುರಿಗೆ ಇಲ್ಲದ ಮಗುವಿನ ಹೆಸರಿಗೆ ಗುರುತು ಹಾಕಬೇಡಿ. ಆ ಮಗು ಮೈದಾನದಲ್ಲಿದ್ದರೆ ಸಂಜೆ ಅದು ಬರುವ ಹೊತ್ತಿಗೆ ಪಾಠ ಹೇಳಲು ಅರ್ಧ ಗಂಟೆ ಕಾದು ಕೂರಿ. ತಂದೆ ತಾಯಂದಿರೇ, ಮಗ ಕಪ್ ಎತ್ತಿದಾಗ ಫೋಟೋಕ್ಕೆ ಪಕ್ಕದಲ್ಲಿ ನಿಲ್ಲಲು ಓಡಿ ಬರುತ್ತೀರಲ್ಲ, ಪುಸ್ತಕದ ಮುಂದೆ ಅವನು ಅಳುವಾಗಲೂ ಪಕ್ಕಕ್ಕೆ ಬನ್ನಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಹಿಂದಿನ ಬೆಂಚು ಇದ್ದೇ ಇದೆ.

ಆಟಗಾರರು ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದು ಸುಮ್ಮನೆ ಕೂತವರಿಗೂ ಒಂದು ಮಾತು. ಪಾಪ, ಅವಳಿಗೆ ಬ್ಯಾಂಕಿನ ಕೆಲಸ ಗೊತ್ತಾಗುವುದಿಲ್ಲ, ನಾನೇ ಮಾಡಿಬಿಡುತ್ತೇನೆ ಎಂದು ಹೆಂಡತಿಯ ಕೈಯಿಂದ ಸಹಿ ಹಾಕಿಸಿಕೊಳ್ಳುವ ಯಜಮಾನರು ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ನಿಮ್ಮ ಹೆಂಡತಿಯರಿಗೆ ಗೊತ್ತಿದೆ. ಇವತ್ತು ಮನೆಗೆ ಹೋಗಿ, ಯಾರ ಕೆಲಸವನ್ನು ನೀವು ಕರುಣೆಯಿಂದ ಕಿತ್ತುಕೊಂಡಿದ್ದೀರೋ ಅವರ ಮುಂದೆ ಆ ಕಾಗದವನ್ನು ಇಡಿ. ಓದು ಎನ್ನಿ. ತಡವಾದರೆ ಕಾಯಿರಿ, ತಪ್ಪಿದರೆ ಬೈಯಬೇಡಿ. ಓದಿದ ಮೇಲೆ ಅವರು ನಿಮಗೆ ಇಷ್ಟವಿಲ್ಲದ ಮಾತನ್ನೇ ಹೇಳಬಹುದು, ನಿಮ್ಮನ್ನು ಬಿಟ್ಟು ದೂರವೂ ಹೊರಡಬಹುದು. ಆಗ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬನ್ನಿ.