ಜಪಾನಿ ಕತ್ತಿಯ ಬಾಲ ಬೆಳ್ಳಗಾದ ಬಗ್ಗೆ

ನನ್ನ ಹೆಸರು ಬೈಲಪ್ಪ, ತಂದೆ ಲೇಟ್ ದೊಡ್ಡಮುನಿಯಪ್ಪ, ವಯಸ್ಸು ನಲವತ್ತಮೂರು, ಕಸುಬು ದಂಡಿನ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತಗಿರಿ, ವಾಸ ಹಲಸೂರು, ಸೋಮೇಶ್ವರ ಗುಡಿಯಿಂದ ಎರಡನೇ ಬೀದಿ. 1947ನೇ ಇಸವಿ ಅಕ್ಟೋಬರ್ 28, ಮಂಗಳವಾರ ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಸೋಮವಾರ ನಾನು ಇದೇ ಠಾಣೆಯಲ್ಲಿ ಒಂದು ದೂರು ಕೊಟ್ಟಿದ್ದೆ. ನನ್ನ ಹಳೆಯ ಜಪಾನಿ ಕತ್ತಿಯನ್ನು ಬ್ಲಾಕ್‌ಪಳ್ಳಿಯ ಗುಜರಿ ವ್ಯಾಪಾರಿ ಖಾದರ್ ಸಾಹೇಬರು ಬದಲಾಯಿಸಿ, ಅದೇ ತರಹದ ಹೊಸದನ್ನು ಕೊಟ್ಟು ಮೋಸ ಮಾಡಿದ್ದಾರೆ ಎಂದು. ಆ ದೂರಿನ ಮೇಲೆ ಅವರು ನಿನ್ನೆ ಮಧ್ಯಾಹ್ನದಿಂದ ಇಲ್ಲಿ ಲಾಕಪ್ಪಿನಲ್ಲಿದ್ದಾರೆ. ಈ ದಿನ 11 ಗಂಟೆಗೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆಂದು ದಫೇದಾರ್ ಮುನಿರಾಜಪ್ಪನವರು ತಿಳಿಸಿದರು. ಅದಕ್ಕೆ ಮುಂಚೆ ನನ್ನ ಈ ಎರಡನೇ ಹೇಳಿಕೆಯನ್ನು ಬರೆದುಕೊಳ್ಳಬೇಕೆಂದು ಕೇಳಿಕೊಂಡೆ. ಹಾಗಾದರೆ ಮುಖ್ಯ ಮಾತು ಮೊದಲು ಹೇಳಿ ಮುಗಿಸಿ ಎಂದರು. ನಾನು ಒಪ್ಪಲಿಲ್ಲ. ಹದಿನೇಳು ವರ್ಷ ಉಗ್ರಾಣದಲ್ಲಿ ಮಾಲು ಎಣಿಸಿದವನು ನಾನು, ಮೊದಲಿಂದ ಹೇಳದಿದ್ದರೆ ನನಗೆ ಸರಿಹೋಗುವುದಿಲ್ಲ.

ಲಡಾಯಿ ಮುಗಿದ ಮೇಲೆ ಬರ್ಮಾ, ಮಲಯಾ ಕಡೆಯಿಂದ ವಾಪಸು ಬಂದ ಬಿಳಿ ಆಫೀಸರರು ಸೋತ ಜಪಾನಿಯವರ ಕತ್ತಿಗಳನ್ನು ನೆನಪಿಗೆಂದು ತಂದಿದ್ದರು. ತಮ್ಮ ದೇಶಕ್ಕೆ ಹಡಗು ಹತ್ತುವಾಗ ಕೆಲವರು ಅವನ್ನು ಇಲ್ಲೇ ಮಾರಿ ಹೋದರು. ಈ ವರ್ಷ ಮೇ 11, ಭಾನುವಾರ ಬೆಳಿಗ್ಗೆ 10 ಗಂಟೆಗೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಖಾದರ್ ಸಾಹೇಬರ ಅಂಗಡಿಯಲ್ಲಿ ಅಂಥ ಐದು ಕತ್ತಿಗಳನ್ನು ಕಂಡೆ. ಕಂಡದ್ದೇ ತಡ, ತಲೆ ಕೆಟ್ಟಿತು. ಯಾಕೆ ಎಂದು ದಫೇದಾರರು ಕೇಳುತ್ತಾರೆ. ನನಗೂ ಗೊತ್ತಿಲ್ಲ. ಸೌತೆಕಾಯಿ ಹೆಚ್ಚಲು ನೆಟ್ಟಗಿರೋ ಈಳಿಗೆಮಣೆ ಇಲ್ಲ, ಇವರಿಗೆ ಜಪಾನಿನ ಕತ್ತಿ ಬೇಕಂತೆ ಎಂದು ನನ್ನ ಹೆಂಡತಿ ವೆಂಕಟಮ್ಮ ಬೀದಿಗೆಲ್ಲ ಕೇಳುವಂತೆ ಅಂದಳು.

ಖಾದರ್ ಸಾಹೇಬರಿಗೆ ಸುಮಾರು ಅರವತ್ತು ವಯಸ್ಸು. ಪಟ್ಟಾಳದ ವರ್ಕ್‌ಶಾಪಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರಂತೆ, ಲಡಾಯಿ ಮುಗಿದ ಮೇಲೆ ಸಿಂಗಪುರಕ್ಕೂ ಹೋಗಿದ್ದರಂತೆ. ಅಲ್ಲಿ ಕೈದಿಯಾಗಿದ್ದ ಒಬ್ಬ ಮುದುಕ ಜಪಾನಿ ಈ ಕತ್ತಿಗಳನ್ನು ನೋಡುವುದು, ಬಿಚ್ಚುವುದು, ಎಣ್ಣೆ ಸವರುವುದು ಕಲಿಸಿದನಂತೆ. ನಾನು ನಂಬಲಿಲ್ಲ. ಪಟ್ಟಾಳದ ಸರ್ಟಿಫಿಕೇಟ್ ತೋರಿಸಿ ಎಂದೆ. ಬೇಸರಿಸದೆ ಒಳಗಿನಿಂದ ತಂದು ತೋರಿಸಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಹರು ಸರಿಯಾಗಿತ್ತು.

ಮೊದಲ ದಿನವೇ ಒಂದು ಕತ್ತಿಯನ್ನು ಆರಿಸಿದೆ. ಅದರ ಅಲಗಿನ ಮೇಲೂ ಒರೆಯ ಮೇಲೂ ಒಂದೇ ನಂಬರು ಹೊಡೆದಿತ್ತು. ಉಗ್ರಾಣದವನಿಗೆ ನಂಬರು ಕೂಡಿಬಂದರೆ ಇನ್ನೇನು ಬೇಕು? ಖಾದರ್ ಸಾಹೇಬರು ನಕ್ಕುಬಿಟ್ಟರು. ನಂಬರು ಇದ್ದರೆ ಅದು ಲಡಾಯಿ ಕಾಲದಲ್ಲಿ ಫ್ಯಾಕ್ಟರಿಯಲ್ಲಿ ಮಾಡಿದ ಮಾಲು, ಹಳೇದು ಬೇಕಾದರೆ ಬಾಲ ನೋಡಬೇಕು ಬೈಲಪ್ಪನೋರೆ ಎಂದರು. ಬಾಲ ಎಂದರೆ ಹಿಡಿಯ ಒಳಗೆ ಸೇರಿಕೊಂಡಿರುವ ಕಬ್ಬಿಣದ ಭಾಗ. ಹಿಡಿಗೆ ಹೊಡೆದಿರುವ ಒಂದೇ ಒಂದು ಬಿದಿರಿನ ಮೊಳೆಯನ್ನು ತೆಗೆದರೆ ಹಿಡಿ ಕಳಚಿ ಬಾಲ ಕಾಣುತ್ತದೆ. ಅದರ ಮೇಲೆ ಕಮ್ಮಾರನು ಉಳಿಯಿಂದ ಕೆತ್ತಿದ ಅಕ್ಷರ ಇರುತ್ತದೆ. ಬಾಲದ ತುಕ್ಕು ಕೆಂಪಗಿದ್ದರೆ ಹೊಸದು, ಕಪ್ಪಗೆ ನುಣ್ಣಗಿದ್ದರೆ ಇನ್ನೂರು ಮುನ್ನೂರು ವರ್ಷದ್ದು. ಆ ತುಕ್ಕೇ ಅದರ ಜಾತಕ ಎಂದು ಹೇಳಿದರು.

ಅಂದಿನಿಂದ ಹನ್ನೆರಡು ಭಾನುವಾರ ಅವರ ಅಂಗಡಿಯಲ್ಲಿ ಕೂತು ಕಲಿತೆ. ಮೊದಲ ನಾಲ್ಕು ವಾರ ಅಲಗನ್ನು ಮುಟ್ಟಲು ಬಿಡಲಿಲ್ಲ, ಬಿದಿರಿನ ಮೊಳೆ ಕೆತ್ತಿಸಿದರು. ಆಮೇಲೆ ಉಸಿರು ತಾಗಬಾರದೆಂದು ಬಾಯಲ್ಲಿ ಕಾಗದ ಕಚ್ಚಿಸಿ, ಲವಂಗದೆಣ್ಣೆ ಸವರುವುದನ್ನು ಕಲಿಸಿದರು. ಇಷ್ಟೆಲ್ಲ ಬಿಟ್ಟಿ ಯಾಕೆ ಹೇಳಿಕೊಡುತ್ತಾರೆ, ಏನೋ ಇದೆ ಎಂದು ನನಗೆ ಆಗಲೂ ಒಳಗೊಳಗೇ ಅನಿಸುತ್ತಿತ್ತು. ಆಗಸ್ಟ್ 3ರಂದು ಕಪ್ಪು ಬಾಲದ ಒಂದು ಕತ್ತಿಯನ್ನು ಕೊಂಡೆ, ಬದಲಿಗೆ ನನ್ನ ಸೈಕಲ್ಲನ್ನು ಕೊಟ್ಟೆ. ಅಂದಿನಿಂದ ಉಗ್ರಾಣಕ್ಕೆ ನಡೆದುಕೊಂಡೇ ಹೋಗುತ್ತಿದ್ದೇನೆ. ಕತ್ತಿ ಇಟ್ಟುಕೊಳ್ಳುವ ಪರವಾನಗಿ ಚೀಟಿಯನ್ನು ಕತ್ತಿಯ ಜೊತೆ ನಿನ್ನೆಯೇ ಇಲ್ಲಿ ಹಾಜರುಪಡಿಸಿದ್ದೇನೆ.

ಅಕ್ಟೋಬರ್ 12ರಂದು ಬಿದಿರಿನ ಮೊಳೆ ಸಡಿಲವಾಗಿ ಹಿಡಿ ಅಲ್ಲಾಡುತ್ತಿತ್ತು. ಕತ್ತಿಯನ್ನು ಸಾಹೇಬರ ಅಂಗಡಿಯಲ್ಲಿ ಬಿಟ್ಟು ಬಂದೆ. 18ರಂದು ಶನಿವಾರ ಸಂಜೆ 5 ಗಂಟೆ 40 ನಿಮಿಷಕ್ಕೆ ತರಲು ಹೋದೆ. ಅವರು ಮಗ್ರಿಬ್ ನಮಾಜಿಗೆ ಹೊತ್ತಾಯಿತೆಂದು ಅವಸರದಲ್ಲಿ ಅಂಗಡಿ ಮುಚ್ಚುತ್ತಿದ್ದರು. ಹಿಡಿ ಬಿಚ್ಚಿ ನೋಡಲು ಸಮಯ ಸಿಗಲಿಲ್ಲ. ಅಂಗಡಿಯ ಹಿಂದೆಯೇ ಅವರ ಮನೆ. ಪರದೆ ಸರಿದಾಗ ಒಳಗೆ ಹಗ್ಗ ಬಿಗಿದ ಎರಡು ದೊಡ್ಡ ಟ್ರಂಕುಗಳನ್ನು ಕಂಡೆ. ಈ ದಿನಗಳಲ್ಲಿ ಯಾರ ಮನೆಯಲ್ಲಿ ಟ್ರಂಕು ಕಂಡರೂ ಜನ ಏನು ಮಾತಾಡಿಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತು. ನಾನು ಏನೂ ಕೇಳಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡೆ.

23ರಂದು ಗುರುವಾರ ಆಯುಧಪೂಜೆ. ಉಗ್ರಾಣದ ತಕ್ಕಡಿ, ಲಾರಿಗಳ ಪೂಜೆಗೆಂದು ಬೆಳಿಗ್ಗೆ ಏಳೂವರೆಗೇ ಹೋಗಿದ್ದೆ. ಮಧ್ಯಾಹ್ನ 1 ಗಂಟೆ 15 ನಿಮಿಷಕ್ಕೆ ಮನೆಗೆ ಬಂದೆ. ಮಚ್ಚು, ಕುಡುಗೋಲು, ಈಳಿಗೆಮಣೆಯ ಜೊತೆ ನನ್ನ ಕತ್ತಿಯನ್ನೂ ದೇವರ ಮುಂದೆ ಇಟ್ಟು ಒರೆಗೆ ಕುಂಕುಮ ಹಚ್ಚಿ ಚೆಂಡು ಹೂ ಏರಿಸಿದ್ದರು. ಯಾರ ಬೆರಳೂ ತಾಗಿಲ್ಲವಷ್ಟೇ ಎಂದು ಅಲಗನ್ನು ಎಳೆದು ನೋಡಿದೆ. ತಾಗಿರಲಿಲ್ಲ. ಒಬ್ಬಟ್ಟು ಊಟ ಮಾಡಿ ಮಲಗಿದೆ.

26ರಂದು ಭಾನುವಾರ ಸಂಜೆ 4 ಗಂಟೆಗೆ ಎಣ್ಣೆ ಸವರಲು ಹಿಡಿ ಬಿಚ್ಚಿದೆ. ಬಾಲ ಹೊಸ ಬೆಳ್ಳಿ ಲೋಟದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕೆತ್ತಿದ ಅಕ್ಷರಗಳು ಮಾತ್ರ ಅವೇ ಇದ್ದವು. ಅವೇ ಇದ್ದದ್ದರಿಂದಲೇ ನನ್ನ ಅನುಮಾನ ಇನ್ನೂ ಹೆಚ್ಚಾಯಿತು, ಕಳ್ಳನಾದವನು ಅಕ್ಷರವನ್ನು ಮೊದಲು ನಕಲು ಮಾಡುತ್ತಾನೆ ಎಂದು. ಆರು ದಿನ ಕತ್ತಿ ಅವರ ಹತ್ತಿರ ಇತ್ತು, ಹಿಡಿ ಬಿಚ್ಚಿದವರು ಅವರು, ಅವಸರ ಮಾಡಿದವರು ಅವರು. ಹನ್ನೆರಡು ವಾರ ಬಿಟ್ಟಿ ಪಾಠ ಯಾಕೆ ಹೇಳಿದರೆಂಬುದು ಈಗ ತಿಳಿಯಿತಲ್ಲ ಎಂದುಕೊಂಡೆ. ಅಯ್ಯೋ, ಎಷ್ಟು ಚೆನ್ನಾಗಿ ಕೂಡಿಬಂತು ಆ ಲೆಕ್ಕ! ನನ್ನ ಸರ್ವೀಸಿನಲ್ಲಿ ಯಾವ ಸ್ಟಾಕೂ ಹಾಗೆ ತಾಳೆಯಾಗಿರಲಿಲ್ಲ.

27ರಂದು ಬೆಳಿಗ್ಗೆ 10 ಗಂಟೆಗೆ ಠಾಣೆಗೆ ಬಂದೆ. ನನ್ನ ಮನೆಯಿಂದ ಠಾಣೆಗೆ ನಾಲ್ಕು ಫರ್ಲಾಂಗು, ಸಾಹೇಬರ ಅಂಗಡಿಗೆ ಒಂದೂ ಮುಕ್ಕಾಲು ಮೈಲಿ. ಅಂಗಡಿಗೆ ಹೋಗಿ ಒಂದು ಮಾತು ಕೇಳಲಿಲ್ಲ. ದೂರಿನಲ್ಲಿ ಕತ್ತಿಯ ವಿಚಾರವನ್ನಷ್ಟೇ ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವರ ಅಂಗಡಿಯಲ್ಲಿ ಇನ್ನೂ ನಾಲ್ಕು ಕತ್ತಿ ಇವೆ, ಟ್ರಂಕು ಕಟ್ಟಿ ಇಟ್ಟಿದ್ದಾರೆ, ಆಯುಧ ಸಮೇತ ದೇಶ ಬಿಟ್ಟು ಹೋಗುವ ತಯಾರಿ ನಡೆದಿದೆ ಎಂದೂ ಬರೆಸಿದೆ. ಯಾರೂ ನನ್ನನ್ನು ಹಾಗೆ ಹೇಳು ಎಂದಿರಲಿಲ್ಲ. ದಫೇದಾರರು ಪೆನ್ನು ನಿಲ್ಲಿಸಿ, ಇದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಕಂಡೆ ಎಂದೆ. ನಾನು ಕಂಡಿದ್ದು ಎರಡು ಟ್ರಂಕು ಮತ್ತು ಒಂದು ಹಗ್ಗ.

11 ಗಂಟೆ 50 ನಿಮಿಷಕ್ಕೆ ಗುರುತು ಹೇಳಲು ಪೊಲೀಸಿನವರ ಜೊತೆ ನಾನೂ ಓಣಿಗೆ ಹೋದೆ. ಖಾದರ್ ಸಾಹೇಬರು ಕೈ ಒರೆಸಿಕೊಂಡು ಹೊರಗೆ ಬಂದು, ಮೊದಲು ನನ್ನನ್ನೇ ನೋಡಿ, ಏನ್ ಬೈಲಪ್ಪನೋರೆ, ಮೊಳೆ ಮತ್ತೆ ಸಡಿಲ ಆಯ್ತಾ ಎಂದು ಕೇಳಿದರು. ನಾನು ಎದುರಿನ ಗೋಡೆ ನೋಡಿದೆ. ಅವರನ್ನು ಮಾರ್ಕೆಟ್ಟಿನ ಮುಂದಿನಿಂದಲೇ ನಡೆಸಿಕೊಂಡು ಬಂದರು. ಐವತ್ತು ಅರವತ್ತು ಜನ ಸೇರಿದ್ದರು. ನಾಲ್ಕು ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಹಿಂದೆ ತಂದರು. ಸಂಜೆ ಹೊತ್ತಿಗೆ ಹಲಸೂರಿನಲ್ಲಿ ಆ ನಾಲ್ಕು ನಲವತ್ತಾಗಿತ್ತು.

ಈ ದಿನ ಬೆಳಿಗ್ಗೆ 6 ಗಂಟೆ 45 ನಿಮಿಷಕ್ಕೆ ಕಾಫಿ ಕುಡಿಯುತ್ತ ವೆಂಕಟಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ. ನನ್ನ ತಾಯಿ ಗೋವಿಂದಮ್ಮ, ವಯಸ್ಸು ಅರವತ್ತೆಂಟು, ಒಲೆ ಮುಂದೆ ಇದ್ದವರು ಎದ್ದು ಬಂದು, ಲೋ ಬೈಲಾ, ಆ ಕಪ್ಪು ಹಿಡಿದ ತುದೀನ ತಿಕ್ಕಿದ್ದು ನಾನು ಕಣೋ ಎಂದರು.

ತುಕ್ಕು ಹಿಡಿದ ಆಯುಧವನ್ನು ದೇವಿಯ ಮುಂದೆ ಇಡಬಾರದು, ಅದಕ್ಕೇ ಪೂಜೆ ದಿನ ಬೆಳಿಗ್ಗೆ ಎಲ್ಲ ಆಯುಧ ತೊಳೆದೆ ಎಂದರು. ನಾನು ಭಾನುವಾರ ಭಾನುವಾರ ಮೊಳೆ ತೆಗೆಯುವುದನ್ನು ನೋಡಿ ನೋಡಿ ಕಲಿತಿದ್ದರಂತೆ. ಸೌಟಿನ ತುದಿಯಿಂದ ಒತ್ತಿ ಮೊಳೆ ತೆಗೆದು, ಹುಣಸೆಹಣ್ಣು ಹಾಕಿ, ಇಟ್ಟಿಗೆ ಪುಡಿಯಲ್ಲಿ ಮೂರು ಸಲ ತಿಕ್ಕಿದರಂತೆ. ಹೊಳೆಯೋ ಭಾಗ ಮುಟ್ಟಬೇಡಿ ಅಂದಿದ್ದೆಯಲ್ಲಪ್ಪ, ಅದನ್ನ ಮುಟ್ಟಲಿಲ್ಲ, ಹೊಳೆಯದೆ ಇದ್ದದ್ದನ್ನ ಮಾತ್ರ ತೊಳೆದೆ ಎಂದರು. ನಾನು ಹಾಗೆಯೇ ಹೇಳಿದ್ದೆ. ಕಪ್ಪು ಭಾಗದ ಮಾತನ್ನೇ ಮನೆಯಲ್ಲಿ ಎತ್ತಿರಲಿಲ್ಲ. ನೀನು ಬಿಚ್ಚಿ ನೋಡಿ ಖುಷಿಪಡ್ತೀಯ ಅಂತ ಐದು ದಿನದಿಂದ ಕಾಯ್ತಾ ಇದ್ದೆ ಎಂದೂ ಹೇಳಿದರು.

ನನಗೆ ಮೊದಲು ಬಂದದ್ದು ಸಿಟ್ಟು. ಮುನ್ನೂರು ವರ್ಷದ್ದು ಕಣಮ್ಮಾ ಎಂದು ಕೂಗಿದೆ. ಹಾಳಾಗಿ ಹೋಗಲಿ ನಿನ್ನ ಕತ್ತಿ, ಮಾಡದ ತಪ್ಪಿಗೆ ಆ ಸಾಬರನ್ನ ಕೂರಿಸಿ ಬಂದಿದ್ದೀಯಲ್ಲ, ಮೊದಲು ಎದ್ದು ಹೋಗು ಎಂದು ತಾಯಿ ಗದರಿದರು. ಆಮೇಲೆ ತಾವೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹೊರಟರು.

8 ಗಂಟೆ 10 ನಿಮಿಷಕ್ಕೆ ಖಾದರ್ ಸಾಹೇಬರ ಮನೆ ತಲುಪಿದೆವು. ಅಂಗಡಿಗೆ ಬೀಗ, ಬೀಗಕ್ಕೆ ಪೊಲೀಸಿನವರ ಅರಗಿನ ಮೊಹರು. ಅವರ ಹೆಂಡತಿ ಕಮರುನ್ನೀಸಾ ಪರದೆಯ ಹಿಂದೆ ನಿಂತು ಮಾತಾಡಿದರು. ಮಗಳು ಬಾಣಂತನಕ್ಕೆಂದು ಕೋಲಾರದಿಂದ 17ನೇ ತಾರೀಖು ಬಂದಳು, ಅದು ಹೋಗೋರ ಟ್ರಂಕಲ್ಲ ಭಾಯಿ, ಬಂದೋರ ಟ್ರಂಕು ಎಂದರು. ನಿನ್ನೆ ಪೊಲೀಸಿನವರು ಹಗ್ಗ ಬಿಚ್ಚಿದಾಗ ಅದರಲ್ಲಿ ಕೂಸಿಗೆಂದು ಹರಿದಿಟ್ಟ ಹಳೆಯ ಬಟ್ಟೆಗಳಿದ್ದವಂತೆ. ನನ್ನನ್ನು ಬೈಯಲಿಲ್ಲ. ಠಾಣೆಯಲ್ಲಿ ಅವರಿಗೆ ಏನಾದರೂ ತಿನ್ನಲು ಕೊಟ್ಟರಾ ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ. ತಾಯಿ ಅಲ್ಲೇ ಅವರ ಹತ್ತಿರ ಕೂತರು. ನಾನೊಬ್ಬನೇ ಇಲ್ಲಿಗೆ ಬಂದೆ.

ನಾನು ಈ ಹೇಳಿಕೆ ಕೊಡುತ್ತಿರುವ ಬೆಂಚಿನಿಂದ ಲಾಕಪ್ಪಿಗೆ ಹನ್ನೆರಡು ಅಡಿ. ಖಾದರ್ ಸಾಹೇಬರು ಕಂಬಿ ಹಿಡಿದು ನಿಂತು ಎಲ್ಲವನ್ನೂ ಕೇಳಿದ್ದಾರೆ. ಸಬ್‌ಇನ್‌ಸ್ಪೆಕ್ಟರ್ ಸಾಹೇಬರ ಅಪ್ಪಣೆ ಪಡೆದು ದಫೇದಾರರು ಕತ್ತಿಯ ಬಾಲವನ್ನು ಅವರಿಗೆ ತೋರಿಸಿದರು. ಅವರು ಮೂಗಿನ ಹತ್ತಿರ ತಂದು ನೋಡಿ, ಇದು ಹುಣಸೆಹಣ್ಣು, ಭಾನುವಾರ ತಂದಿದ್ರೆ ಎರಡು ನಿಮಿಷದಲ್ಲಿ ಹೇಳ್ತಿದ್ದೆನಲ್ಲ ಬೈಲಪ್ಪನೋರೆ ಎಂದರು. ನಾನು ಕಾಲಿಗೆ ಬೀಳಲು ಹೋದೆ. ಬೇಡ ಎಂದರು. ತಾಯಿಯನ್ನು ಏನೂ ಅನ್ನಬೇಡಿ ಎಂದರು. ಆಮೇಲೆ, ಮ್ಯಾಜಿಸ್ಟ್ರೇಟರು ಬಿಟ್ಟರೆ ತಮ್ಮನ್ನು ಹಿಂದಿನ ಓಣಿಯಿಂದ ಮನೆಗೆ ಕಳಿಸಬಾರದು, ನಿನ್ನೆ ಬಂದ ದಾರಿಯಲ್ಲೇ ಮಾರ್ಕೆಟ್ಟಿನ ಮುಂದೆ ಹಗಲು ಹೊತ್ತಿನಲ್ಲಿ ಹೋಗಬೇಕು, ಬೈಲಪ್ಪನೋರು ಪಕ್ಕದಲ್ಲಿ ನಡೆಯುತ್ತ, ಕೇಳಿದವರಿಗೆಲ್ಲ ನಡೆದದ್ದನ್ನು ಅವರ ಬಾಯಿಂದಲೇ ಹೇಳಬೇಕು ಎಂದರು. ಒಪ್ಪಿದ್ದೇನೆ. ಆಮೇಲೆ ಹಿಂದೆ ಸರಿಯದಿರಲೆಂದು ಇದನ್ನೂ ಬರೆಸಿದ್ದೇನೆ.

ಟ್ರಂಕಿನ ಮಾತನ್ನು ನಿನ್ನೆಯ ದೂರಿನಿಂದ ಹೊಡೆದುಹಾಕಿ ಎಂದು ಕೇಳಿದೆ. ಬರೆದದ್ದನ್ನು ಹೊಡೆದುಹಾಕಲು ಬರುವುದಿಲ್ಲ, ಎರಡೂ ಕಾಗದ ಒಟ್ಟಿಗೆ ಮ್ಯಾಜಿಸ್ಟ್ರೇಟರಿಗೆ ಹೋಗುತ್ತವೆ ಎಂದು ದಫೇದಾರರು ತಿಳಿಸಿದರು.

ಮೇಲಿನದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ, ನಾನು ಹೇಳಿದ ಹಾಗೆಯೇ ಇದೆ. ನಿನ್ನೆಯ ದೂರಿನ ಕೆಳಗೂ ಎಲ್ಲವೂ ಸತ್ಯವೆಂದು ಬರೆಸಿ ಇದೇ ಕೈಯಿಂದ ರುಜು ಹಾಕಿದ್ದೆ. ಅದು ಸತ್ಯವಾಗಿರಲಿಲ್ಲ. ಇದು ಸತ್ಯ.

ಸ್ಥಳ: ಬೆಂಗಳೂರು ದಂಡು
ತಾರೀಖು: 28-10-1947, ಬೆಳಿಗ್ಗೆ 10 ಗಂಟೆ 35 ನಿಮಿಷ
(ರುಜು) ಬೈಲಪ್ಪ
ಬರೆದುಕೊಂಡವರು: ಮುನಿರಾಜಪ್ಪ, ದಫೇದಾರ್